ಗಾಯ ಮಾಗಿದರೂ ಮಾಗದ ಮನಸ್ಸು: ಪುನಾರಚನಾ ಶಸ್ತ್ರಚಿಕಿತ್ಸೆಯ ನಂತರದ ಮಾನಸಿಕ ಯಾತನೆ

‘ಜೀವ ಉಳಿಯಿತಲ್ಲ, ಅದೇ ದೊಡ್ಡದು.’ ಬಾಯಿಯ ಕ್ಯಾನ್ಸರ್‌ನಿಂದ ದವಡೆ ಕಳೆದುಕೊಂಡವರಿಗೆ, ಬೆಂಕಿ ಅಥವಾ ಆಸಿಡ್‌ನಿಂದ ಮುಖ ಸುಟ್ಟವರಿಗೆ, ಸ್ತನ ತೆಗೆಸಿಕೊಂಡ ಮಹಿಳೆಯರಿಗೆ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತ ಬಂಧುಗಳು ಹೇಳುವ ಮೊದಲ ಸಮಾಧಾನ ಬಹುಮಟ್ಟಿಗೆ ಇದೇ. ಮಾತು ಪ್ರೀತಿಯದೇ. ಆದರೆ ಅದನ್ನು ಕೇಳಿಸಿಕೊಂಡ ರೋಗಿ ತಾನು ಹೇಳಬೇಕೆಂದಿದ್ದುದನ್ನು ನುಂಗಿಕೊಳ್ಳುತ್ತಾನೆ. ಕನ್ನಡಿಯಲ್ಲಿ ಕಾಣುವ ಮುಖ ತನ್ನದೆನಿಸುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಕೃತಘ್ನನೆನಿಸಿಕೊಳ್ಳುವ ಅಂಜಿಕೆ ಅವನನ್ನು ಕಾಡುತ್ತದೆ.

ಹೀಗೆ ನುಂಗಿಕೊಂಡ ಮಾತಿಗೆ ವೈದ್ಯಕೀಯವಾಗಿಯೂ ಬೆಲೆ ತೆರಬೇಕಾಗುತ್ತದೆ. ಖಿನ್ನತೆಗೆ ಒಳಗಾದ ರೋಗಿ ವ್ಯಾಯಾಮ ಬಿಡುತ್ತಾನೆ, ಬ್ಯಾಂಡೇಜು ಬದಲಿಸಿಕೊಳ್ಳಲು ಬರುವುದಿಲ್ಲ, ಬಿಟ್ಟಿದ್ದ ತಂಬಾಕಿಗೆ ಮರಳುತ್ತಾನೆ. ಗಂಟೆಗಟ್ಟಲೆ ಶ್ರಮಿಸಿ ಶಸ್ತ್ರವೈದ್ಯರು ಕಟ್ಟಿಕೊಟ್ಟದ್ದು ತಿಂಗಳುಗಳಲ್ಲಿ ಕೆಡುತ್ತದೆ. ಆದುದರಿಂದ ಮನಸ್ಸಿನ ಆರೈಕೆಯನ್ನು ಶಸ್ತ್ರಚಿಕಿತ್ಸೆಯ ಒಂದು ಭಾಗವೆಂದೇ ಪರಿಗಣಿಸಬೇಕು ಎಂಬ ಅಭಿಪ್ರಾಯ ವೈದ್ಯಲೋಕದಲ್ಲಿ ಬಲಗೊಂಡಿದೆ. ಈ ಯಾತನೆಯ ಸ್ವರೂಪವೇನು, ಅದು ಯಾವ ಹಂತಗಳಲ್ಲಿ ತಲೆಯೆತ್ತುತ್ತದೆ, ಅದನ್ನು ಗುರುತಿಸುವುದು ಹೇಗೆ, ನೆರವು ಎಲ್ಲಿ ದೊರೆಯುತ್ತದೆ ಎಂಬ ವಿವರಗಳು ಇಲ್ಲಿವೆ.

ಪುನಾರಚನಾ ಶಸ್ತ್ರಚಿಕಿತ್ಸೆ ಎಂದರೇನು?

ಜನಸಾಮಾನ್ಯರ ಮಾತಿನಲ್ಲಿ ಎಲ್ಲವೂ ‘ಪ್ಲಾಸ್ಟಿಕ್ ಸರ್ಜರಿ’ಯೇ. ಈ ಹೆಸರಿಗೂ ಪ್ಲಾಸ್ಟಿಕ್ ವಸ್ತುವಿಗೂ ಸಂಬಂಧವಿಲ್ಲ; ಅಚ್ಚಿಗೆ ತರುವುದು, ರೂಪ ಕೊಡುವುದು ಎಂಬ ಅರ್ಥದ ಗ್ರೀಕ್ ಪದದಿಂದ ಅದು ಬಂದಿದೆ. ಇದರಲ್ಲಿ ಎರಡು ಕವಲುಗಳಿವೆ. ಆರೋಗ್ಯವಾಗಿರುವ ಅಂಗವನ್ನು ಇನ್ನಷ್ಟು ಚೆಲುವಾಗಿಸುವುದು ಸೌಂದರ್ಯ ಶಸ್ತ್ರಚಿಕಿತ್ಸೆ. ರೋಗ, ಅಪಘಾತ, ಸುಟ್ಟಗಾಯ ಅಥವಾ ಹುಟ್ಟಿನಿಂದ ಬಂದ ನ್ಯೂನತೆಯಿಂದ ಹಾಳಾದ ಅಂಗಕ್ಕೆ ಮತ್ತೆ ರೂಪವನ್ನೂ ಕಾರ್ಯವನ್ನೂ ಕೊಡುವುದು ಪುನಾರಚನಾ ಶಸ್ತ್ರಚಿಕಿತ್ಸೆ. ಮೊದಲನೆಯದನ್ನು ರೋಗಿ ತಾನೇ ಬಯಸಿ ಬರುತ್ತಾನೆ. ಎರಡನೆಯದರಲ್ಲಿ ಆಯ್ಕೆಗೆ ಅವಕಾಶ ಕಡಿಮೆ.

ತೆಳುವಾದ ಚರ್ಮದ ಪದರವನ್ನು ತೆಗೆದು ಬೇರೆಡೆ ಹಚ್ಚುವುದಕ್ಕೆ ಚರ್ಮದ ಕಸಿ ಎನ್ನುತ್ತಾರೆ. ಹೆಚ್ಚಿನ ಅಂಗಾಂಶ ಬೇಕಾದಾಗ ಚರ್ಮ, ಮಾಂಸ, ಕೆಲವೊಮ್ಮೆ ಮೂಳೆಯನ್ನೂ ಅದರ ರಕ್ತನಾಳಗಳ ಸಮೇತ ತೆಗೆದು, ಹೊಸ ಜಾಗದ ನಾಳಗಳಿಗೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಹೊಲಿಯಲಾಗುತ್ತದೆ. ಇದನ್ನು ‘ಫ್ರೀ ಫ್ಲ್ಯಾಪ್’ ಎನ್ನುತ್ತಾರೆ. ಹೊಲಿಯಬೇಕಾದ ನಾಳಗಳ ಅಗಲ ಎರಡು ಮೂರು ಮಿಲಿಮೀಟರಿನಷ್ಟು. ಬಳಸುವ ದಾರ ಕೂದಲಿಗಿಂತ ತೆಳು. ಕಾಲಿನ ಹೊರಬದಿಯ ಸಣ್ಣ ಮೂಳೆಯಿಂದ ದವಡೆಯನ್ನು ಕಟ್ಟುವ ವಿಧಾನ 1989ರಲ್ಲಿ ವರದಿಯಾಯಿತು. ಇಂದು ಅದು ದವಡೆಯ ಪುನಾರಚನೆಯ ಪ್ರಮುಖ ಮಾರ್ಗ.

ಮೈಸೂರು ಯುದ್ಧದ ಒಂದು ಮೂಗು

ಈ ಶಸ್ತ್ರಕ್ರಿಯೆಯ ಮೂಲ ಭಾರತದಲ್ಲಿದೆ. ಎಲೆಯೊಂದನ್ನು ಕತ್ತರಿಸಿದ ಮೂಗಿನ ಅಳತೆಗೆ ಸರಿಹೊಂದಿಸಿ, ಅಷ್ಟೇ ಅಳತೆಯ ಚರ್ಮವನ್ನು ಕೆನ್ನೆಯಿಂದ ಎತ್ತಿ ಮೂಗಿಗೆ ಕೂರಿಸುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಈ ವಿದ್ಯೆ ಆಧುನಿಕ ಯುರೋಪಿನ ಗಮನಕ್ಕೆ ಬಂದ ಘಟನೆಗೆ ಮೈಸೂರು ಸಂಸ್ಥಾನದ ನಂಟಿದೆ.

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಅದರ ಪ್ರಕಾರ, ಕೊವಾಸ್ಜಿ ಎಂಬ ಮರಾಠ ವ್ಯಕ್ತಿ 1792ರ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಎತ್ತು ಹೊಡೆಯುವವನಾಗಿದ್ದ. ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಸುಡುವ ಜಾತಿಗೆ ಸೇರಿದ ವ್ಯಕ್ತಿಯೊಬ್ಬ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿಕೊಟ್ಟ. ಈ ವರದಿಯನ್ನು ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಅದೇ ಕ್ರಮವನ್ನು ಅನುಸರಿಸಿ, 1816ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದ.

ಅಂದಿನ ಪತ್ರ ಹೊಸ ಮೂಗು ಭದ್ರವಾಗಿ ಕೂತಿದೆ, ನೈಸರ್ಗಿಕ ಮೂಗಿನಂತೆಯೇ ಕಾಣುತ್ತದೆ ಎಂದು ವರದಿ ಮಾಡಿತು. ಶಸ್ತ್ರಕ್ರಿಯೆಯ ಯಶಸ್ಸನ್ನು ಅಂಗದ ಭದ್ರತೆ ಮತ್ತು ನೋಟದಿಂದ ಅಳೆಯುವ ಈ ರೂಢಿ ಮುಂದಿನ ನೂರಕ್ಕೂ ಹೆಚ್ಚು ವರ್ಷ ಮುಂದುವರಿಯಿತು. ಆದರೆ ಮೂಗನ್ನು ಕತ್ತರಿಸುವುದು ಶಿಕ್ಷೆಯಾಗಿದ್ದುದೇ ಅದು ಮಾನವನ್ನು ಕಳೆಯುತ್ತದೆ ಎಂಬ ಕಾರಣಕ್ಕೆ. ‘ಯಾವ ಮುಖ ಹೊತ್ತುಕೊಂಡು ಹೋಗಲಿ’, ‘ಮುಖ ಉಳಿಸಿಕೊಂಡ’, ‘ಮುಖ ಕೊಟ್ಟು ಮಾತಾಡಲಿಲ್ಲ’ ಎಂಬ ನಿತ್ಯದ ನುಡಿಗಳಲ್ಲಿ ಮುಖವೆಂದರೆ ಮರ್ಯಾದೆ, ಸಂಬಂಧ ಎಂಬ ಅರ್ಥಗಳು ಬೆರೆತಿವೆ.

ಕನ್ನಡಿಯಿಲ್ಲದ ವಾರ್ಡು, ದಿಟ್ಟಿಸದ ಊರು

ಮುಖ ಕಳೆದುಕೊಂಡವರ ಮನಸ್ಸಿನ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದುರಾದುದು ಮೊದಲ ಮಹಾಯುದ್ಧದಲ್ಲಿ. ಸರ್ ಹೆರಾಲ್ಡ್ ಗಿಲ್ಲಿಸ್ ಅವರ ನೇತೃತ್ವದಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ 1917ರಲ್ಲಿ ಆರಂಭವಾದ ಆಸ್ಪತ್ರೆಯಲ್ಲಿ 5 ಸಾವಿರಕ್ಕೂ ಹೆಚ್ಚು ಸೈನಿಕರಿಗೆ 11 ಸಾವಿರಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳು ನಡೆದವು. ಅಲ್ಲಿನ ವಾರ್ಡುಗಳಲ್ಲಿ ಕನ್ನಡಿಗೆ ನಿಷೇಧವಿತ್ತು. ಆಸ್ಪತ್ರೆಯಿಂದ ಪಟ್ಟಣಕ್ಕೆ ಹೋಗುವ ದಾರಿಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿಯಲಾಗಿತ್ತು. ಅಲ್ಲಿ ಕುಳಿತವರ ಮುಖ ಕಂಡು ಸಾರ್ವಜನಿಕರು ಬೆಚ್ಚದಿರಲೆಂದು ನೀಡಿದ ಮುನ್ಸೂಚನೆ ಅದು. ರೋಗಿಯನ್ನು ನೋಟದಿಂದ ಕಾಪಾಡಬೇಕೆಂಬ ಸದುದ್ದೇಶ ಅವನ ಮುಖ ನೋಡಲಾಗದ್ದು ಎಂಬ ಸಂದೇಶವನ್ನೂ ಸಾರುತ್ತಿತ್ತು.

ಎರಡನೇ ಮಹಾಯುದ್ಧದಲ್ಲಿ ಗಿಲ್ಲಿಸ್ ಅವರ ಬಂಧುವೇ ಆದ ಸರ್ ಆರ್ಚಿಬಾಲ್ಡ್ ಮೆಕ್‌ಇಂಡೋ ಬೇರೆ ದಾರಿ ಹಿಡಿದರು. ಈಸ್ಟ್ ಗ್ರಿನ್‌ಸ್ಟೆಡ್ ಪಟ್ಟಣದ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅವರು ಸುಟ್ಟ ಮುಖ, ಸುಟ್ಟ ಕೈಗಳ ವಿಮಾನ ಸೈನಿಕರಿಗೆ ಆಸ್ಪತ್ರೆಯ ಉಡುಪಿನ ಬದಲು ತಮ್ಮ ಸಮವಸ್ತ್ರವನ್ನೇ ಧರಿಸಲು ಬಿಟ್ಟರು. ಚಿಕಿತ್ಸೆ ಮುಗಿಯುವ ಮೊದಲೇ ಅವರನ್ನು ಊರೊಳಗೆ ಕಳುಹಿಸಿದರು. ಮನೆಗೆ ಕರೆಯಿರಿ, ಮಾತನಾಡಿಸಿ, ದಿಟ್ಟಿಸಬೇಡಿ ಎಂದು ಊರಿನವರನ್ನು ಒಪ್ಪಿಸಿದರು. ‘ದಿಟ್ಟಿಸದ ಊರು’ ಎಂಬ ಹೆಸರು ಆ ಪಟ್ಟಣಕ್ಕೆ ಅಂಟಿಕೊಂಡಿತು. ರೋಗಿಗಳು 1941ರಲ್ಲಿ ತಮ್ಮದೇ ‘ಗಿನಿ ಪಿಗ್ ಕ್ಲಬ್’ ಕಟ್ಟಿಕೊಂಡರು. ಯುದ್ಧದ ಕೊನೆಗೆ ಅದರಲ್ಲಿ 649 ಸದಸ್ಯರಿದ್ದರು. ಹಣ ಎತ್ತಿಕೊಂಡು ಓಡಲಾರನೆಂಬ ಕಾರಣಕ್ಕೆ ಕಾಲು ಸುಟ್ಟವನನ್ನು ಖಜಾಂಚಿಯಾಗಿಯೂ, ಹೆಚ್ಚು ನಡಾವಳಿ ಬರೆಯಲಾರನೆಂಬ ಕಾರಣಕ್ಕೆ ಬೆರಳು ಸುಟ್ಟವನನ್ನು ಕಾರ್ಯದರ್ಶಿಯಾಗಿಯೂ ಆರಿಸಿಕೊಂಡರೆಂಬುದು ಆ ಕ್ಲಬ್ಬಿನ ಪ್ರಸಿದ್ಧ ಹಾಸ್ಯ. ಒಂದೇ ಕಷ್ಟ ಉಂಡವರ ಒಡನಾಟ ಮತ್ತು ಸಮಾಜದ ಸಹಜ ನಡವಳಿಕೆ ಚಿಕಿತ್ಸೆಯ ಭಾಗವಾಗಬಲ್ಲವು ಎಂಬುದಕ್ಕೆ ಇಂದಿಗೂ ಈ ಉದಾಹರಣೆಯನ್ನೇ ಕೊಡಲಾಗುತ್ತದೆ.

ಯಾತನೆ ಯಾವ ಹಂತದಲ್ಲಿ?

ಶಸ್ತ್ರಚಿಕಿತ್ಸೆಯ ನಂತರದ ಮಾನಸಿಕ ಯಾತನೆ ಒಮ್ಮೆಗೇ ಬಂದೆರಗುವುದಕ್ಕಿಂತ ಕೆಲವು ನಿರ್ದಿಷ್ಟ ಘಟ್ಟಗಳಲ್ಲಿ ತೀವ್ರಗೊಳ್ಳುತ್ತದೆ.

ಮೊದಲನೆಯದು ತೀವ್ರ ನಿಗಾ ಘಟಕದ ದಿನಗಳು. ಕೂಡಿಸಿದ ಅಂಗಾಂಶದಲ್ಲಿ ರಕ್ತ ಹರಿಯುತ್ತಿದೆಯೇ ಎಂದು ಮೊದಲ ದಿನಗಳಲ್ಲಿ ಹಗಲಿರುಳೆನ್ನದೆ ಪದೇ ಪದೇ ಪರೀಕ್ಷಿಸುತ್ತಾರೆ. ರೋಗಿಗೆ ನಿದ್ರೆಯಿಲ್ಲ. ಬಾಯಿಯ ದೊಡ್ಡ ಶಸ್ತ್ರಕ್ರಿಯೆಗಳಲ್ಲಿ ಉಸಿರಾಟಕ್ಕೆಂದು ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಡುವುದರಿಂದ ಮಾತೂ ಇಲ್ಲ. ಅಕ್ಷರ ಬಲ್ಲವರು ಚೀಟಿಯಲ್ಲಿ ಬರೆದು ತೋರಿಸಬಹುದು. ಓದುಬರಹ ಬಾರದವರು ನೋವು, ಬಾಯಾರಿಕೆಗಳನ್ನು ಸನ್ನೆಯಲ್ಲೇ ಹೇಳಬೇಕು. ಅಂಥವರಿಗೆ ಚಿತ್ರಗಳ ಫಲಕವೊಂದು ದೊಡ್ಡ ಆಸರೆ. ಈ ದಿನಗಳಲ್ಲಿ ಕೆಲವರಿಗೆ ಸನ್ನಿಯಂಥ ಗೊಂದಲ ಉಂಟಾಗುತ್ತದೆ: ಇಲ್ಲದ್ದು ಕಾಣುತ್ತದೆ, ಸ್ಥಳ ಮತ್ತು ಹೊತ್ತಿನ ಅರಿವು ತಪ್ಪುತ್ತದೆ, ಕೊಳವೆಗಳನ್ನು ಕೀಳಲು ಮುಂದಾಗುತ್ತಾರೆ. ಸೋಂಕು, ಔಷಧಿ, ನಿದ್ರಾಹೀನತೆ ಅಥವಾ ದಿಢೀರನೆ ಮದ್ಯ ನಿಂತುದು ಇದಕ್ಕೆ ಕಾರಣವಾಗಿರಬಹುದು. ಇದು ತುರ್ತಾಗಿ ವೈದ್ಯರ ಗಮನಕ್ಕೆ ತರಬೇಕಾದ ಸ್ಥಿತಿ. ಮದ್ಯಪಾನದ ಅಭ್ಯಾಸವನ್ನು ಶಸ್ತ್ರಕ್ರಿಯೆಗೆ ಮೊದಲೇ ಮುಚ್ಚಿಡದೆ ಹೇಳಬೇಕೆನ್ನುವುದು ಈ ಕಾರಣಕ್ಕೇ.

ಎರಡನೆಯದು ಕನ್ನಡಿಯ ಕ್ಷಣ. ಹೊಸದಾಗಿ ಕೂಡಿಸಿದ ಭಾಗ ಊದಿರುತ್ತದೆ, ಬಣ್ಣ ಹೊಂದುವುದಿಲ್ಲ, ಸ್ಪರ್ಶವಿರುವುದಿಲ್ಲ. ಊತ ಇಳಿದು ಕಲೆ ಮೆದುವಾಗಲು ತಿಂಗಳುಗಳು ಬೇಕು. ಇದನ್ನು ತಿಳಿಯದ ರೋಗಿ ಶೌಚಾಲಯದ ಕನ್ನಡಿಯಲ್ಲೋ, ಯಾರದೋ ಮೊಬೈಲ್ ಪರದೆಯಲ್ಲೋ ಆಕಸ್ಮಿಕವಾಗಿ ತನ್ನನ್ನು ಕಂಡು ‘ಇನ್ನು ಇಷ್ಟೇ’ ಎಂದುಕೊಳ್ಳುತ್ತಾನೆ. ಬದಲಿಗೆ, ರೋಗಿ ಸಿದ್ಧನೆಂದು ಹೇಳಿದಾಗ, ಪರಿಚಿತ ದಾದಿಯೊಬ್ಬರು ಜೊತೆಗಿದ್ದು, ಏನು ಕಾಣಲಿದೆ, ಯಾವುದು ಮುಂದೆ ಬದಲಾಗಲಿದೆ ಎಂದು ಮೊದಲೇ ವಿವರಿಸಿ ಕನ್ನಡಿ ಕೊಡುವುದು ಉತ್ತಮ. ಕನ್ನಡಿಯನ್ನು ಬಚ್ಚಿಡುವುದೂ ಸಲ್ಲದು, ಒತ್ತಾಯಿಸುವುದೂ ಸಲ್ಲದು.

ಮೂರನೆಯದು ಮನೆಗೆ ಮರಳುವ ಘಟ್ಟ. ವಾರ್ಡಿನಲ್ಲಿ ಎಲ್ಲರೂ ರೋಗಿಗಳೇ; ಬಸ್ಸಿನಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ಹಾಗಲ್ಲ. ಆಸ್ಪತ್ರೆಯಲ್ಲಿ ಧೈರ್ಯವಾಗಿದ್ದವರು ಮನೆಗೆ ಬಂದ ಕೆಲವು ವಾರಗಳಲ್ಲಿ ಕುಸಿಯುವುದು ಅಪರೂಪವಲ್ಲ. ದೊಡ್ಡವರು ನೋಟ ತಪ್ಪಿಸುತ್ತಾರೆ, ಮಕ್ಕಳು ನೇರವಾಗಿ ಕೇಳುತ್ತಾರೆ. ಎರಡಕ್ಕೂ ಉತ್ತರ ಸಿದ್ಧವಿರುವುದಿಲ್ಲ.

ತೊಡಕು ಉಂಟಾದಾಗ

ಫ್ರೀ ಫ್ಲ್ಯಾಪ್ ಶಸ್ತ್ರಕ್ರಿಯೆಗಳು ಅನುಭವಿ ಕೇಂದ್ರಗಳಲ್ಲಿ ಶೇ. 95ರ ಆಸುಪಾಸಿನಲ್ಲಿ ಯಶಸ್ವಿಯಾಗುತ್ತವೆ. ಉಳಿದವರ ಪಾಲಿಗೆ ಈ ಅಂಕಿಯಿಂದ ಸಮಾಧಾನವಿಲ್ಲ. ಕೂಡಿಸಿದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಅಂಗಾಂಶ ನೀಲಿಗಟ್ಟುತ್ತದೆ, ಅಪಧಮನಿ ಕಟ್ಟಿಕೊಂಡರೆ ಬಿಳಿಚುತ್ತದೆ. ಕೆಲವೇ ಗಂಟೆಗಳಲ್ಲಿ ಮತ್ತೆ ಶಸ್ತ್ರಕ್ರಿಯೆ ನಡೆಸಿದರೆ ಹಲವು ಬಾರಿ ಉಳಿಸಿಕೊಳ್ಳಬಹುದು. ನಿಂತ ರಕ್ತವನ್ನು ಹೀರಿಸಲು ಕೆಲವೆಡೆ ವೈದ್ಯಕೀಯ ಜಿಗಣೆಗಳನ್ನು ಬಳಸುವುದುಂಟು; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಇದಕ್ಕೆ ಅನುಮತಿ ನೀಡಿದೆ. ಮುನ್ಸೂಚನೆಯಿಲ್ಲದೆ ತನ್ನ ಮುಖದ ಮೇಲೆ ಜಿಗಣೆ ಹತ್ತಿಸುವುದನ್ನು ಕಂಡ ರೋಗಿಯ ಭೀತಿಯನ್ನು ಊಹಿಸಬಹುದು. ಎರಡು ನಿಮಿಷದ ವಿವರಣೆ ಅದನ್ನು ತಪ್ಪಿಸಬಲ್ಲದು.

ಎರಡನೇ ಬಾರಿ ಶಸ್ತ್ರಕ್ರಿಯಾ ಕೊಠಡಿಗೆ ಹೋಗಿ ಬಂದವರಲ್ಲಿ ಮೂರು ಭಾವನೆಗಳು ಸಾಮಾನ್ಯ. ಒಂದು ತಪ್ಪಿತಸ್ಥ ಭಾವ: ‘ನಾನು ಕತ್ತು ತಿರುಗಿಸಿದ್ದರಿಂದಲೇ ಹೀಗಾಯಿತು.’ ಇನ್ನೊಂದು ಅಪನಂಬಿಕೆ: ‘ಏನನ್ನೋ ಮುಚ್ಚಿಡುತ್ತಿದ್ದಾರೆ.’ ಮತ್ತೊಂದು, ಎಲ್ಲ ಶ್ರಮ, ಸಾಲ ವ್ಯರ್ಥವಾಯಿತೆಂಬ ಹತಾಶೆ. ವೈದ್ಯರು ಸೋಲನ್ನು ತಮ್ಮ ಬಾಯಿಂದಲೇ, ಬೇಗನೆ, ಸರಳ ಮಾತಿನಲ್ಲಿ ತಿಳಿಸಿದರೆ ಮೊದಲೆರಡು ಭಾವನೆಗಳು ಬಹಳಷ್ಟು ತಗ್ಗುತ್ತವೆ. ರೌಂಡ್ಸ್‌ನ ಹೊತ್ತಿನಲ್ಲಿ ಹಾಸಿಗೆಯ ಬಳಿ ನಿಲ್ಲುವ ಅವಧಿ ಕಡಿಮೆಯಾದರೂ ಸಾಕು, ರೋಗಿ ತನ್ನನ್ನು ಕೈಬಿಟ್ಟರೆಂದು ಅರ್ಥಮಾಡಿಕೊಳ್ಳುತ್ತಾನೆ.

ಕ್ಯಾನ್ಸರ್ ರೋಗಿಗಳಿಗೆ ಇನ್ನೊಂದು ಭಯವಿದೆ. ತಲೆ ಮತ್ತು ಕತ್ತಿನ ಕ್ಯಾನ್ಸರ್‌ನಲ್ಲಿ ವಿಕಿರಣ ಚಿಕಿತ್ಸೆ ಬೇಕಾದವರಿಗೆ ಶಸ್ತ್ರಕ್ರಿಯೆಯ ಸುಮಾರು ಆರು ವಾರಗಳೊಳಗೆ ಅದು ಆರಂಭವಾಗಬೇಕೆಂಬುದು ಗುರಿ. ಗಾಯ ಬಿಚ್ಚಿಕೊಂಡರೆ ಅಥವಾ ಬಾಯಿಯಿಂದ ಕತ್ತಿನ ಹೊರಕ್ಕೆ ಜೊಲ್ಲು ಸೋರುವ ರಂಧ್ರ ಉಂಟಾದರೆ ಅದು ತಡವಾಗಬಹುದು. ಗಾಯದ ಯಾತನೆಯ ಜೊತೆಗೆ ರೋಗ ಮರಳುವ ಆತಂಕವೂ ಸೇರಿಕೊಳ್ಳುತ್ತದೆ. ಖಿನ್ನತೆಯಿಂದ ರೋಗಿಯೇ ವಿಕಿರಣ ಚಿಕಿತ್ಸೆ ತಪ್ಪಿಸಿಕೊಂಡರೆ ಅಪಾಯ ಇನ್ನೂ ಹೆಚ್ಚು.

ಪಂಕ್ತಿಯಿಂದ ದೂರ: ಬಾಯಿ ಕ್ಯಾನ್ಸರ್ ರೋಗಿಗಳು

ವಿಶ್ವದ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು ಮೂರನೇ ಒಂದು ಭಾಗ ಭಾರತದಲ್ಲಿದೆ. ತಂಬಾಕು, ಗುಟ್ಕಾ, ಅಡಿಕೆಯ ಸೇವನೆ ಇದಕ್ಕೆ ಮುಖ್ಯ ಕಾರಣ. ಆದುದರಿಂದ ದವಡೆ, ನಾಲಗೆ, ಕೆನ್ನೆಗಳ ಪುನಾರಚನೆ ನಮ್ಮಲ್ಲಿ ಸಾಮಾನ್ಯ. ಇಂಥವರು ಎದುರಿಸುವ ತೊಂದರೆಗಳು ಹೊರಗಿನವರಿಗೆ ಸಣ್ಣವೆನಿಸಬಹುದು. ತುಟಿಯ ಅಂಚಿನಿಂದ ಸಾರು ಜಾರಿದರೂ ತಿಳಿಯುವುದಿಲ್ಲ. ಬಿಸಿ ಕಾಫಿ ಸುಟ್ಟರೂ ಗೊತ್ತಾಗುವುದಿಲ್ಲ. ತೊಡೆಯ ಅಥವಾ ಮುಂಗೈಯ ಚರ್ಮವನ್ನು ಬಾಯೊಳಗೆ ಕೂಡಿಸಿದ್ದರೆ ಅಲ್ಲಿ ಕೂದಲು ಬೆಳೆಯುವುದುಂಟು. ಇದು ನಿರೀಕ್ಷಿತ ಸಂಗತಿಯೇ ಆದರೂ ಮೊದಲೇ ತಿಳಿಸದಿದ್ದರೆ ರೋಗಿ ಹೌಹಾರುತ್ತಾನೆ.

ಮದುವೆ, ಗೃಹಪ್ರವೇಶಗಳ ಪಂಕ್ತಿಯಲ್ಲಿ ಎಲ್ಲರ ಎದುರು ಕುಳಿತು ಉಣ್ಣುವುದು ನಮ್ಮ ಸಾಮಾಜಿಕ ಬದುಕಿನ ಅವಿಭಾಜ್ಯ ಅಂಗ. ಅಲ್ಲಿಂದ ಹಿಂದೆ ಸರಿದವನು ಕ್ರಮೇಣ ಊಟದ ಮನೆಯನ್ನು ಮಾತ್ರವಲ್ಲದೆ ನೆಂಟರ ಮನೆಯನ್ನೂ ಬಿಡುತ್ತಾನೆ. ಕೊನೆಗೆ ಸ್ವಂತ ಮನೆಯಲ್ಲೂ ಎಲ್ಲರ ಊಟವಾದ ಮೇಲೆ ಒಬ್ಬನೇ ಉಣ್ಣುತ್ತಾನೆ. ತಂಬಾಕಿನಿಂದ ಬಂದ ರೋಗವೆಂಬ ಮೂದಲಿಕೆ ಇದಕ್ಕೆ ಸೇರುತ್ತದೆ. ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಇತರ ಅನೇಕ ಕ್ಯಾನ್ಸರ್‌ಗಳಿಗಿಂತ ಹೆಚ್ಚೆಂದು ವಿದೇಶಿ ಅಧ್ಯಯನಗಳು ಕಂಡುಕೊಂಡಿವೆ. ನುಂಗುವ ಮತ್ತು ಮಾತಿನ ತರಬೇತಿ ಇಲ್ಲಿ ಮನಸ್ಸಿನ ಚಿಕಿತ್ಸೆಯೂ ಆಗುತ್ತದೆ.

ಸುಟ್ಟಗಾಯ ಮತ್ತು ಸ್ತನ ಪುನಾರಚನೆ

ಸುಟ್ಟಗಾಯದವರ ದಾರಿ ದೀರ್ಘವಾದುದು. ಕಸಿ ಮಾಡಿದ ಚರ್ಮ ಕುಗ್ಗಿ ಕತ್ತು, ಕೀಲು, ರೆಪ್ಪೆಗಳನ್ನು ಎಳೆಯುತ್ತದೆ. ಕಲೆ ದಪ್ಪವಾಗದಂತೆ ಬಿಗಿ ಉಡುಪನ್ನು ದಿನಕ್ಕೆ 23 ಗಂಟೆ, ತಿಂಗಳುಗಟ್ಟಲೆ ತೊಡಬೇಕಾಗಬಹುದು. ತುರಿಕೆ ನಿದ್ರೆಗೆಡಿಸುತ್ತದೆ. ಒಂದಾದ ಮೇಲೊಂದು ಶಸ್ತ್ರಕ್ರಿಯೆಗೆ ವರ್ಷಗಳು ಹಿಡಿಯುತ್ತವೆ. ಘಟನೆ ಮತ್ತೆ ಮತ್ತೆ ಕಣ್ಣೆದುರು ಬರುವುದು, ದುಃಸ್ವಪ್ನ, ಒಲೆಯ ಶಬ್ದಕ್ಕೂ ಬೆಚ್ಚುವುದು ಒಂದು ತಿಂಗಳಿಗೂ ಮೀರಿ ಮುಂದುವರಿದರೆ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆಯೆಂದು ಪರಿಶೀಲಿಸಬೇಕು. ಕೃತ್ಯ ಎಸಗಿದವರು ಮನೆಯವರೇ ಅಥವಾ ಪರಿಚಿತರೇ ಆಗಿದ್ದಲ್ಲಿ, ಪೊಲೀಸರ ಹೇಳಿಕೆ, ನ್ಯಾಯಾಲಯದ ಅಲೆದಾಟ ಪ್ರತಿ ಬಾರಿಯೂ ಗಾಯವನ್ನು ಕೆದಕುತ್ತವೆ.

ಸ್ತನ ಕ್ಯಾನ್ಸರ್‌ನಲ್ಲಿ ಕೆಲವು ಮಹಿಳೆಯರಿಗೆ ಹೊಟ್ಟೆಯ ಅಥವಾ ಬೆನ್ನಿನ ಅಂಗಾಂಶದಿಂದ, ಇಲ್ಲವೇ ಸಿಲಿಕೋನ್ ಇಂಪ್ಲಾಂಟ್‌ನಿಂದ ಸ್ತನವನ್ನು ಮತ್ತೆ ರೂಪಿಸಲಾಗುತ್ತದೆ. ಬಟ್ಟೆಯೊಳಗೆ ಅಡಗುವ ಬದಲಾವಣೆಯಾದ್ದರಿಂದ ‘ಯಾರಿಗೂ ಕಾಣುವುದಿಲ್ಲವಲ್ಲ’ ಎಂಬ ಮಾತು ಬರುತ್ತದೆ. ಆದರೆ ಸ್ಪರ್ಶವಿಲ್ಲದ ಅಂಗ, ದಾಂಪತ್ಯದಲ್ಲಿನ ಸಂಕೋಚ, ರವಿಕೆ ತೊಡುವಾಗಿನ ನಿತ್ಯದ ನೆನಪು ಅವಳ ಪಾಲಿಗೆ ವಾಸ್ತವ. ಸೋಂಕಿನಿಂದ ಅಥವಾ ಇಂಪ್ಲಾಂಟ್ ಸುತ್ತ ಪೊರೆ ಬಿಗಿದು ಗಟ್ಟಿಯಾಗುವುದರಿಂದ ಅದನ್ನು ತೆಗೆಯಬೇಕಾಗಿ ಬಂದರೆ, ಸ್ತನವನ್ನು ಎರಡನೇ ಬಾರಿ ಕಳೆದುಕೊಂಡ ದುಃಖ ಉಂಟಾಗುತ್ತದೆ. 2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ದರ್ಜೆಯದಲ್ಲದ ಸಿಲಿಕೋನ್ ಬಳಸಿದ್ದು ಬಯಲಾದಾಗ, ಇಂಪ್ಲಾಂಟ್ ಒಡೆಯದವರೂ ತಮ್ಮ ಮೈಯೊಳಗಿರುವುದೇನೆಂಬ ಚಿಂತೆಗೆ ಸಿಲುಕಿದರು. ಕಂಪನಿಯ ಸ್ಥಾಪಕನಿಗೆ 2013ರಲ್ಲಿ ಜೈಲು ಶಿಕ್ಷೆಯಾಯಿತು.

ಕಲೆಯ ಗಾತ್ರಕ್ಕೂ ನೋವಿಗೂ ತಾಳೆಯಿಲ್ಲ

ದೊಡ್ಡ ಕಲೆಯವರಿಗೆ ಹೆಚ್ಚು ದುಃಖ, ಸಣ್ಣ ಕಲೆಯವರಿಗೆ ಕಡಿಮೆ ಎಂಬುದು ಸಾಮಾನ್ಯ ಗ್ರಹಿಕೆ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿರುವ ರೂಪ ಕುರಿತ ಸಂಶೋಧನಾ ಕೇಂದ್ರದ ವಿದ್ವಾಂಸರೂ ಇತರರೂ ನಡೆಸಿದ ಅಧ್ಯಯನಗಳು ಇದನ್ನು ಒಪ್ಪುವುದಿಲ್ಲ. ವಿರೂಪದ ಪ್ರಮಾಣದಿಂದ ಯಾತನೆಯ ಪ್ರಮಾಣವನ್ನು ಹೇಳಲಾಗದು. ರೂಪಕ್ಕೆ ವ್ಯಕ್ತಿ ಕೊಡುವ ಮಹತ್ವ, ಇತರರು ತನ್ನನ್ನು ಹೇಗೆ ಕಾಣುತ್ತಾರೆಂಬ ಭಯ, ಮನೆಯವರ ಆಸರೆ, ಶಸ್ತ್ರಕ್ರಿಯೆಯಿಂದ ಇಟ್ಟುಕೊಂಡ ನಿರೀಕ್ಷೆ ಹೆಚ್ಚು ನಿರ್ಣಾಯಕ. ‘ಇಷ್ಟು ಸಣ್ಣದಕ್ಕೆ ಇಷ್ಟೊಂದೇ?’ ಎಂಬ ಪ್ರಶ್ನೆಗೆ ಆದುದರಿಂದ ಆಧಾರವಿಲ್ಲ.

ಶಸ್ತ್ರಕ್ರಿಯೆ ಗೆದ್ದರೂ ಮನಸ್ಸು ಒಪ್ಪದಿದ್ದರೆ ಏನಾಗಬಹುದೆಂಬುದಕ್ಕೆ ಕ್ಲಿಂಟ್ ಹ್ಯಾಲಂ ಪ್ರಕರಣ ಪ್ರಸಿದ್ಧ ನಿದರ್ಶನ. 1998ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಅವರಿಗೆ ಮೃತ ದಾನಿಯ ಕೈಯನ್ನು ಜೋಡಿಸಲಾಯಿತು. ಕೈ ಬದುಕಿತು, ಸ್ವಲ್ಪಮಟ್ಟಿಗೆ ಕೆಲಸವನ್ನೂ ಮಾಡಿತು. ಆದರೆ ಮನಸ್ಸು ಆ ಕೈಯಿಂದ ದೂರವಾಗಿದೆಯೆಂದು ಹೇಳಿದ ಅವರು, ದೇಹ ಅದನ್ನು ತಿರಸ್ಕರಿಸದಂತೆ ತಡೆಯುವ ಔಷಧಿಯನ್ನು ಕ್ರಮವಾಗಿ ಸೇವಿಸಲಿಲ್ಲ. 2001ರ ಫೆಬ್ರವರಿಯಲ್ಲಿ, ಅವರ ಕೋರಿಕೆಯಂತೆ, ಲಂಡನ್ನಿನಲ್ಲಿ ಆ ಕೈಯನ್ನು ತೆಗೆಯಲಾಯಿತು. ಕೈ ಅಥವಾ ಮುಖದ ಕಸಿಗೆ ರೋಗಿಯನ್ನು ಆರಿಸುವಾಗ ಮಾನಸಿಕ ಮೌಲ್ಯಮಾಪನ ಇಂದು ಅನಿವಾರ್ಯ ಹಂತವಾಗಿದೆ.

ಗುರುತಿಸುವುದು ಹೇಗೆ, ಚಿಕಿತ್ಸೆ ಏನು?

ಅಂಗ ಕಳೆದುಕೊಂಡವರು ಅಳುವುದು, ಸಿಟ್ಟಾಗುವುದು ಸಹಜ ಶೋಕ. ಹೆಚ್ಚಿನವರು ಕಾಲಕ್ರಮೇಣ ಹೊಂದಿಕೊಳ್ಳುತ್ತಾರೆ. ಸಹಜ ಶೋಕ ಕಾಯಿಲೆಯಾಗುತ್ತಿದೆಯೇ ಎಂದು ತಿಳಿಯಲು ವಿಶ್ವದಾದ್ಯಂತ ಬಳಸುವ ಎರಡು ಪ್ರಶ್ನೆಗಳಿವೆ: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಅಥವಾ ಸಂತೋಷ ಇಲ್ಲದಂತಾಗಿದೆಯೇ? ಮನಸ್ಸು ಕುಗ್ಗಿ, ಬೇಸರ ಅಥವಾ ಹತಾಶೆ ಕಾಡಿದೆಯೇ? ಉತ್ತರ ‘ಹೆಚ್ಚಿನ ದಿನಗಳಲ್ಲಿ ಹೌದು’ ಎಂದಾದರೆ ವಿವರವಾದ ಪರೀಕ್ಷೆ ಅಗತ್ಯ. ಬ್ಯಾಂಡೇಜು ಬದಲಿಸುವ ದಾದಿಯೂ ಈ ಪ್ರಶ್ನೆಗಳನ್ನು ಕೇಳಬಹುದು.

ಮನೆಯವರು ಗಮನಿಸಬೇಕಾದ ಲಕ್ಷಣಗಳು ಇವು: ನಿದ್ರೆ, ಆಹಾರ ಬಿಡುವುದು, ಬಾಯಿ ತೆರೆಯುವ, ಕೈ ಚಾಚುವ ವ್ಯಾಯಾಮ ನಿಲ್ಲಿಸುವುದು, ಆಸ್ಪತ್ರೆಯ ಭೇಟಿ ತಪ್ಪಿಸುವುದು, ಕತ್ತಲೆಯಲ್ಲೇ ಕೂರುವುದು, ಮತ್ತೆ ಮದ್ಯ, ತಂಬಾಕು ಹಿಡಿಯುವುದು, ತಾನು ಮನೆಗೆ ಹೊರೆಯೆಂದು ಪದೇ ಪದೇ ಹೇಳುವುದು. ಸಾಯುವ ಮಾತು ಬಂದರೆ ಅದನ್ನು ಗದರಿ ನಿಲ್ಲಿಸದೆ, ಆ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು, ಒಬ್ಬರನ್ನೇ ಬಿಡದೆ ಕೂಡಲೇ ವೈದ್ಯರನ್ನು ಕಾಣಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ಕಲ್ಪನೆ.

ಆಪ್ತ ಸಮಾಲೋಚನೆ, ಆಲೋಚನೆ ಮತ್ತು ನಡವಳಿಕೆಯನ್ನು ಹಂತ ಹಂತವಾಗಿ ತಿದ್ದುವ ಚಿಕಿತ್ಸೆ, ಅಗತ್ಯವಿದ್ದರೆ ಖಿನ್ನತೆ ನಿವಾರಕ ಔಷಧಿಗಳು ಪ್ರಯೋಜನಕಾರಿ. ಅಪರಿಚಿತರ ನೋಟ ಮತ್ತು ಪ್ರಶ್ನೆಗಳನ್ನು ಎದುರಿಸುವ ತರಬೇತಿಯೂ ಇದೆ. ಹದಿನೆಂಟರ ಪ್ರಾಯದಲ್ಲಿ ವಾಹನ ಅಪಘಾತದಲ್ಲಿ ಮುಖ ಸುಟ್ಟುಕೊಂಡಿದ್ದ ಜೇಮ್ಸ್ ಪಾರ್ಟ್ರಿಜ್ ಬ್ರಿಟನ್ನಿನಲ್ಲಿ 1992ರಲ್ಲಿ ಸ್ಥಾಪಿಸಿದ ‘ಚೇಂಜಿಂಗ್ ಫೇಸಸ್’ ಸಂಸ್ಥೆ ಈ ಬಗೆಯ ನೆರವಿಗೆ ಹೆಸರಾಗಿದೆ. ‘ಸುಟ್ಟಗಾಯ, ಈಗ ಗುಣವಾಗಿದೆ. ನೀವು ಹೇಗಿದ್ದೀರಿ?’ ಎಂಬಂಥ ಒಂದು ಸಿದ್ಧ ಉತ್ತರ ರೋಗಿಯ ಬಳಿ ಇದ್ದರೆ ಸಂಭಾಷಣೆಯ ಹಿಡಿತ ಅವನ ಕೈಗೇ ಬರುತ್ತದೆ. ಅದೇ ಶಸ್ತ್ರಕ್ರಿಯೆಯನ್ನು ದಾಟಿ ಬಂದ ಹಳೆಯ ರೋಗಿಯೊಬ್ಬರನ್ನು ಭೇಟಿ ಮಾಡಿಸುವುದು ಹಲವು ಬಾರಿ ಹತ್ತು ಉಪದೇಶಗಳಿಗಿಂತ ಮೇಲು. ಇನ್ನೊಂದು ಎಚ್ಚರಿಕೆ: ಕಲ್ಪಿತ ಅಥವಾ ತೀರಾ ಸಣ್ಣ ದೋಷವನ್ನೇ ಹಗಲಿರುಳು ಚಿಂತಿಸುವ ದೇಹರೂಪ ಭ್ರಾಂತಿಯ ಕಾಯಿಲೆ ಬೇರೆಯೇ, ಅಂಥವರಿಗೆ ಮರುಶಸ್ತ್ರಕ್ರಿಯೆಯಿಂದ ಸಮಾಧಾನ ಸಿಗುವುದು ವಿರಳ.

ಕಾನೂನು ಮತ್ತು ನೆರವು

ಆಸಿಡ್ ದಾಳಿಗೆ ತುತ್ತಾದವರಿಗೆ ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿತು. ಖಾಸಗಿ ಆಸ್ಪತ್ರೆಗಳೂ ಪುನಾರಚನಾ ಶಸ್ತ್ರಚಿಕಿತ್ಸೆ ಸೇರಿದಂತೆ ಪೂರ್ಣ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಬೇಕೆಂದು 2015ರಲ್ಲಿ ಸ್ಪಷ್ಟಪಡಿಸಿತು. ಉಚಿತ ಚಿಕಿತ್ಸೆಯ ಈ ಹೊಣೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ವೈಕಲ್ಯಗಳಲ್ಲಿ ಆಸಿಡ್ ದಾಳಿಯ ಸಂತ್ರಸ್ತರೂ ಸೇರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಚಿಕಿತ್ಸೆಯನ್ನು ಹಕ್ಕೆಂದು ಸಾರಿ, ದೈಹಿಕ ಕಾಯಿಲೆಗೆ ಸಮನಾಗಿ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು ವಿಧಿಸುತ್ತದೆ.

ರಾಜ್ಯದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ಕೇಂದ್ರ, ಕ್ಯಾನ್ಸರ್‌ಗೆ ಕಿದ್ವಾಯಿ ಸಂಸ್ಥೆ ಮತ್ತು ಮನೋವೈದ್ಯಕೀಯಕ್ಕೆ ನಿಮ್ಹಾನ್ಸ್ ಪ್ರಮುಖ ಸರ್ಕಾರಿ ತಾಣಗಳು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹೀಗಾಗಿ ಶಸ್ತ್ರಕ್ರಿಯೆ ಬೆಂಗಳೂರಿನಲ್ಲಾದರೂ ಮನಸ್ಸಿನ ಆರೈಕೆಯನ್ನು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಮುಂದುವರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಶಸ್ತ್ರವೈದ್ಯರು ಕೊಡುವ ಬಿಡುಗಡೆ ಚೀಟಿಯಲ್ಲಿ ಮಾತ್ರೆ, ಬ್ಯಾಂಡೇಜು, ವ್ಯಾಯಾಮ, ಮುಂದಿನ ಭೇಟಿಯ ದಿನಾಂಕ ನಮೂದಾಗಿರುತ್ತವೆ. ಅದರಲ್ಲಿ ಮನೋವೈದ್ಯರ ಅಥವಾ ಆಪ್ತ ಸಮಾಲೋಚಕರ ಭೇಟಿಗೂ ಒಂದು ಸಾಲು ಇರಲೆಂದು ರೋಗಿಯ ಕಡೆಯವರು ಕೇಳಿ ಪಡೆಯುವುದರಲ್ಲಿ ಸಂಕೋಚವೇನಿಲ್ಲ. ‘ಜೀವ ಉಳಿಯಿತಲ್ಲ’ ಎಂಬ ಸಮಾಧಾನದ ಮಾತಿನ ನಂತರ ‘ನಿನಗೆ ಹೇಗನಿಸುತ್ತಿದೆ?’ ಎಂಬ ಪ್ರಶ್ನೆಯನ್ನೂ ಕೇಳಿ, ಉತ್ತರ ಮುಗಿಯುವವರೆಗೆ ಪಕ್ಕದಲ್ಲಿ ಕೂರುವುದು ಮನೆಯವರಿಂದ ಆಗಬಹುದಾದ ಮೊದಲ ಚಿಕಿತ್ಸೆ.